ತಳದ ಮೀನಿಗೆ ಫಿಶ್ ಫೈಂಡರ್: ಭೀಮಾ, ಕಾರಂಜಾ, ಬೆಣ್ಣೆತೊರಾ ನೀರಿಗೆ ಯಾವುದು ಸರಿ?

ನೀರಿಗೆ ಶಬ್ದ ಬಿಟ್ಟು, ಬಂದ ಪ್ರತಿಧ್ವನಿಯಿಂದ ತಳವನ್ನೂ ಮೀನನ್ನೂ ಪರದೆಯಲ್ಲಿ ತೋರಿಸುವ ಯಂತ್ರವೇ ಫಿಶ್ ಫೈಂಡರ್. ಅದರ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಎರಡೇ ವಿಷಯ: ಎಷ್ಟು ಆಳ ಅಳೆಯುತ್ತದೆ, ಪರದೆ ಎಷ್ಟು ಇಂಚು. ತಳ ಹಿಡಿದು ಬದುಕುವ ಮೀನನ್ನು ಹುಡುಕುವವರಿಗೆ ಈ ಎರಡರಿಂದಲೂ ಹೆಚ್ಚು ಪ್ರಯೋಜನವಿಲ್ಲ. ಗಾರ್ಮಿನ್ ಸ್ಟ್ರೈಕರ್ 4 ಎಂಬ ಚಿಕ್ಕ ಸೆಟ್ಟೇ ಸಿಹಿನೀರಿನಲ್ಲಿ 1,600 ಅಡಿ ಅಳೆಯುತ್ತದೆ. ಭೀಮೆಯ ಸನ್ನತಿ ಅಥವಾ ಸೊನ್ನ ಬ್ಯಾರೇಜಿನ ಹಿನ್ನೀರಿನಲ್ಲಿ ಅಷ್ಟು ಆಳ ಯಾರಿಗೆ ಬೇಕು? ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ತಳದಿಂದ ಗೇಣು ಮೇಲೆ ನಿಂತ ಮೀನನ್ನು ಈ ಯಂತ್ರ ತಳದಿಂದ ಬೇರ್ಪಡಿಸಿ ತೋರಿಸುತ್ತದೋ ಇಲ್ಲವೋ?

ಜಲಾಶಯಕ್ಕೆ ಬಿಟ್ಟ ಮರಿಗಳಲ್ಲಿ ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಬಾಳೆ ಮೀನು ಹಗಲು ಹೊತ್ತು ಆಳದ ಮಡುವಿನಲ್ಲೋ ದಂಡೆಯ ಪೊಟರೆಯಲ್ಲೋ ಸೇರಿಕೊಂಡಿರುತ್ತದೆ. ಮೇಲಿನ ಎರಡನ್ನು ಅಗ್ಗದ ಸೆಟ್ಟೂ ತೋರಿಸುತ್ತದೆ. ದುಡ್ಡು ಎಲ್ಲಿ ಹಾಕಬೇಕು ಎನ್ನುವ ಪ್ರಶ್ನೆ ಬರುವುದು ಕೆಳಗಿನವುಗಳಿಗೆ.

ಕಿರಣದ ಕೋನವೇ ಮೊದಲು

ಹರಿಗೋಲಿನಿಂದ 10 ಮೀಟರ್ ಹಗ್ಗಕ್ಕೆ ಕಲ್ಲು ಕಟ್ಟಿ ತಳಕ್ಕೆ ಮುಟ್ಟಿಸಿ, ಅದೇ ಹಗ್ಗವನ್ನು ಪಕ್ಕಕ್ಕೆ ತೂಗಿದರೆ ಕಲ್ಲು ತಳ ಬಿಟ್ಟು ಮೇಲೇಳುತ್ತದೆ. ಸೋನಾರ್, ಅಂದರೆ ಈ ಯಂತ್ರ ಕೆಳಕ್ಕೆ ಹೋದಂತೆ ಅಗಲವಾಗುವ ಕಿರಣವಾಗಿ ಬಿಡುವ ಶಬ್ದವೂ ಹೀಗೇ ನಡೆಯುತ್ತದೆ. ನೇರ ಕೆಳಗಿನ ತಳ 10 ಮೀಟರಿನಲ್ಲಿ ಸಿಕ್ಕ ಕ್ಷಣದಿಂದ ಪರದೆಯ ಮೇಲೆ ತಳದ ದಪ್ಪ ಪಟ್ಟೆ ಶುರುವಾಗುತ್ತದೆ. ಕಿರಣದ ಅಂಚಿನಲ್ಲಿ, ತಳಕ್ಕೆ ಅಂಟಿಕೊಂಡಿರುವ ಮೀನಿಗೆ, ಶಬ್ದ ಬಿಟ್ಟು ಪ್ರತಿಧ್ವನಿ ಹಿಡಿಯುವ ಭಾಗವಾದ ಟ್ರಾನ್ಸ್‌ಡ್ಯೂಸರಿನಿಂದ ಇರುವ ಓರೆ ದೂರ 10 ಮೀಟರಿಗಿಂತ ಹೆಚ್ಚು. ಅದರ ಪ್ರತಿಧ್ವನಿ ತಳದ ಪ್ರತಿಧ್ವನಿ ಬಂದ ಮೇಲೆ ಬಂದು ಅದರಲ್ಲೇ ಮುಳುಗುತ್ತದೆ. ಯಂತ್ರ ಕೆಟ್ಟಿಲ್ಲ, ಮೀನೂ ಅಲ್ಲೇ ಇದೆ, ಆದರೆ ಪರದೆಯಲ್ಲಿ ಕಾಣುವುದಿಲ್ಲ.

ಈ ಕುರುಡು ಪದರ ಎಷ್ಟು ದಪ್ಪ ಎಂಬುದನ್ನು ಲೆಕ್ಕ ಹಾಕಬಹುದು. ಸಮತಟ್ಟಾದ ತಳ, 10 ಮೀಟರ್ ಆಳ ಎಂದಿಟ್ಟುಕೊಂಡರೆ 15 ಡಿಗ್ರಿ ಕಿರಣದ ಅಂಚಿನಲ್ಲಿ ಕುರುಡು ಪದರ ಸುಮಾರು 9 ಸೆಂಟಿಮೀಟರ್. 24 ಡಿಗ್ರಿಗೆ 22 ಸೆಂ.ಮೀ., 45 ಡಿಗ್ರಿಗೆ 76 ಸೆಂ.ಮೀ., 60 ಡಿಗ್ರಿಗೆ 1.34 ಮೀಟರ್. 90 ಡಿಗ್ರಿಗೆ ಹೋದರೆ 2.93 ಮೀಟರ್, ಅಂದರೆ ಆಳುದ್ದಕ್ಕಿಂತ ಹೆಚ್ಚು. 5 ಮೀಟರ್ ನೀರಿನಲ್ಲಿ ಈ ಎಲ್ಲ ಅಂಕಿಗಳು ಅರ್ಧವಾಗುತ್ತವೆ. ತಳ ಇಳಿಜಾರಾಗಿದ್ದರೆ ಇನ್ನೂ ಕೆಡುತ್ತದೆ: ದಿಬ್ಬದ ಬದಿಯ ತಳ ಮೊದಲು ಸಿಕ್ಕಿಬಿಡುವುದರಿಂದ ತಗ್ಗಿನಲ್ಲಿ ಮಲಗಿದ ಮೀನು ಪೂರ್ತಿ ಮರೆಯಾಗುತ್ತದೆ. ನದಿಯ ಮಡುವಿನ ಅಂಚಿನಲ್ಲಿ ಆಗುವುದು ಇದೇ.

ಹಾಗಾಗಿ ‘ಹೆಚ್ಚು ಅಗಲ ನೋಡುತ್ತದೆ’ ಎಂಬ ಜಾಹೀರಾತು ತಳದ ಮೀನಿನ ಮಟ್ಟಿಗೆ ದೋಷವೇ. ಕಿರಿದಾದ ಕಿರಣಕ್ಕೂ ಬೆಲೆ ತೆರಬೇಕು. 15 ಡಿಗ್ರಿಯ ಕಿರಣ 10 ಮೀಟರ್ ಆಳದಲ್ಲಿ ನೋಡುವ ವೃತ್ತದ ಅಗಲ 2.6 ಮೀಟರ್ ಮಾತ್ರ. 45 ಡಿಗ್ರಿಯದು 8.3 ಮೀಟರ್. ಹೆಚ್ಚು ಸುತ್ತು ಹೊಡೆಯಬೇಕಾಗುತ್ತದೆ. ಹೊಡೆಯಿರಿ, ಅದು ಸುಳ್ಳು ತೋರಿಸುವುದಕ್ಕಿಂತ ಮೇಲು.

ಎರಡನೆಯದು ಪರದೆಯ ಎತ್ತರದಲ್ಲಿರುವ ಪಿಕ್ಸೆಲ್‌ಗಳ ಎಣಿಕೆ. ಇಂಚನ್ನು ಮರೆತುಬಿಡಿ. 10 ಮೀಟರ್ ನೀರನ್ನು 480 ಸಾಲುಗಳಲ್ಲಿ ತೋರಿಸಿದರೆ ಒಂದು ಸಾಲಿಗೆ 2 ಸೆಂಟಿಮೀಟರಿಗಿಂತ ತುಸು ಹೆಚ್ಚು. 800 ಸಾಲುಗಳಿದ್ದರೆ 1.25 ಸೆಂ.ಮೀ. ತಳಕ್ಕೂ ಮೀನಿಗೂ ನಡುವಿನ ಬಿರುಕು ಕಾಣಬೇಕಾದರೆ ಮೂರು ನಾಲ್ಕು ಸಾಲಾದರೂ ಖಾಲಿ ಇರಬೇಕು.

ಸೆಟ್‌ಗಳು

ಗಾರ್ಮಿನ್ ಸ್ಟ್ರೈಕರ್ 4 ಹಳೆಯ ಮಾದರಿ. ಇದರ ಜೊತೆ ಬರುವ ಟ್ರಾನ್ಸ್‌ಡ್ಯೂಸರ್ 77 ಮತ್ತು 200 ಕಿಲೋಹರ್ಟ್ಸ್‌ನದು. ಕೋನ ಕ್ರಮವಾಗಿ 45 ಮತ್ತು 15 ಡಿಗ್ರಿ. 200ಕ್ಕೆ ಇಟ್ಟುಬಿಟ್ಟರೆ ತಳದ ಕೆಲಸಕ್ಕೆ ಇಷ್ಟು ಬೆಲೆಗೆ ಇಷ್ಟು ಪ್ರಾಮಾಣಿಕ ಯಂತ್ರ ಇನ್ನೊಂದಿಲ್ಲ. ಪರದೆ ಮೂರೂವರೆ ಇಂಚು, ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಬೇಕು, ಆದರೆ ಎತ್ತರಕ್ಕೆ 480 ಸಾಲು ಇವೆ. ಕೈಬದಲಾದ ಸೆಟ್ ಸಿಕ್ಕರೆ ಕೇಬಲ್ ಬುಡ ನೋಡಿ ಕೊಳ್ಳಬಹುದು.

ಅದರ ಜಾಗಕ್ಕೆ ಬಂದ ಸ್ಟ್ರೈಕರ್ ವಿವಿಡ್ ಸಾಲಿನ 4ಸಿವಿ, 5ಸಿವಿ ಸೆಟ್‌ಗಳಿಗೆ ಜಿಟಿ20 ಟ್ರಾನ್ಸ್‌ಡ್ಯೂಸರ್ ಬರುತ್ತದೆ. ದುಂಡು ಕಿರಣದ ಚರ್ಪ್ 150ರಿಂದ 240 ಕಿಲೋಹರ್ಟ್ಸ್, ಕೋನ ಸುಮಾರು 24ರಿಂದ 16 ಡಿಗ್ರಿ. ಚರ್ಪ್ ಎಂದರೆ ಒಂದೇ ಸ್ವರದ ಬದಲು ಕೆಳಗಿನಿಂದ ಮೇಲಕ್ಕೆ ಏರುವ ಸ್ವರ ಬಿಡುವುದು. ಹತ್ತಿರ ಹತ್ತಿರ ಇರುವ ಎರಡು ವಸ್ತುಗಳನ್ನು ಬೇರ್ಪಡಿಸಲು ಇದು ನಿಜಕ್ಕೂ ಸಹಾಯ ಮಾಡುತ್ತದೆ, ಮಾರಾಟದ ಮಾತಲ್ಲ. ಜೊತೆಗೆ ಕ್ವಿಕ್‌ಡ್ರಾ ಎಂಬ ಸೌಲಭ್ಯವಿದೆ: ನೀರಿನ ಮೇಲೆ ಓಡಾಡಿದಷ್ಟೂ ಆಳದ ಗೆರೆಗಳ ನಕ್ಷೆ ತಾನೇ ತಯಾರಾಗುತ್ತದೆ. ನಮ್ಮ ಜಲಾಶಯಗಳ ತಳದ ನಕ್ಷೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಆದ್ದರಿಂದ ಕಾರಂಜಾದಂಥ ನೀರಿನಲ್ಲಿ ಮುಳುಗಿದ ಹಳ್ಳದ ಹಾದಿ ಹಿಡಿಯಲು ಇದೊಂದೇ ಸೆಟ್ಟಿನ ಬೆಲೆ ತೀರಿಸುತ್ತದೆ. 4 ಮತ್ತು 5ರ ನಡುವೆ 5ಸಿವಿಯೇ ಸರಿ, ಏಕೆಂದರೆ ಅದರ ಪರದೆ ನಿಂತ ಆಕಾರದ್ದು, ಎತ್ತರಕ್ಕೆ 800 ಸಾಲು. 7ಸಿವಿ ದೊಡ್ಡದಾಗಿ ಕಂಡರೂ ಅಡ್ಡ ಪರದೆ. ಎತ್ತರಕ್ಕೆ 480 ಸಾಲಷ್ಟೇ. ಹೆಚ್ಚು ದುಡ್ಡು ಕೊಟ್ಟು ತಳದ ವಿವರ ಕಡಿಮೆ ಮಾಡಿಕೊಂಡಂತೆ.

ಲೋರಾನ್ಸ್ ಹುಕ್ ರಿವೀಲ್ 5, ಸ್ಪ್ಲಿಟ್‌ಶಾಟ್ ಟ್ರಾನ್ಸ್‌ಡ್ಯೂಸರಿನ ಜೊತೆ. ಚಿತ್ರ ಸ್ವಚ್ಛ, ಮೆನು ಸರಳ, ತಾನೇ ಹೊಂದಿಸಿಕೊಳ್ಳುವ ಗುಣ ಹೊಸಬರಿಗೆ ಹಿಡಿಸುತ್ತದೆ. ಆದರೆ ಈ ಟ್ರಾನ್ಸ್‌ಡ್ಯೂಸರಿನ ಚರ್ಪ್ ಕಿರಣವನ್ನು ಬೇಕೆಂದೇ ಅಗಲ ಮಾಡಲಾಗಿದೆ. ನಡುನೀರಿನ ರೋಹು ಹಿಂಡಿಗೆ ಅದು ಅನುಕೂಲ, ತಳದ ಮೃಗಾಲಿಗೆ ಅಲ್ಲ. ತಳಕ್ಕಾಗಿಯೇ ಕೊಳ್ಳುವವರು ಇದನ್ನು ಬಿಡುವುದು ಲೇಸು.

ದಂಡೆಯಿಂದ ಗಾಳ ಹಾಕುವವರಿಗೆ ಎಸೆಯುವ ಚೆಂಡಿನ ಸೆಟ್ ಬೇಕು. ಡೀಪರ್ ಚರ್ಪ್ ಪ್ಲಸ್‌ನಲ್ಲಿ ಮೂರು ಕಿರಣಗಳಿವೆ: 100 ಕಿಲೋಹರ್ಟ್ಸ್‌ಗೆ 47 ಡಿಗ್ರಿ, 290ಕ್ಕೆ 16, 675ಕ್ಕೆ 7. ಈ 7 ಡಿಗ್ರಿ ಕಿರಣದ ಕುರುಡು ಪದರ 10 ಮೀಟರಿನಲ್ಲಿ 2 ಸೆಂಟಿಮೀಟರ್ ಮಾತ್ರ. ಕಾಗದದ ಮೇಲೆ ಇದನ್ನು ಮೀರಿಸುವ ಸೆಟ್ ಈ ಪಟ್ಟಿಯಲ್ಲಿ ಇಲ್ಲ. ನೀರಿನ ಮೇಲೆ ಒಂದು ಅಡಚಣೆ ಇದೆ: ಗಾಳಿಗೆ ಚೆಂಡು ಓಲಾಡಿದರೆ ಕಿರಿದಾದ ಕಿರಣವೂ ಓಲಾಡುತ್ತದೆ, ಸಪಾಟು ತಳ ಅಲೆಅಲೆಯಾಗಿ ಕಾಣುತ್ತದೆ. ಆಗ 290ಕ್ಕೆ ಇಳಿಯಬೇಕು. ಚೆಂಡಿನ ತೂಕ ಸುಮಾರು 90 ಗ್ರಾಂ, ಆದ್ದರಿಂದ ತೆಳು ರಾಡಿನಿಂದ ಎಸೆಯಬಾರದು. ಹೆಣೆದ ದಪ್ಪ ದಾರ ಬೇಕು. ಫೋನೇ ಇದರ ಪರದೆ. ಏಪ್ರಿಲ್-ಮೇ ತಿಂಗಳ ಕಲಬುರಗಿ ಬಿಸಿಲಿಗೆ ಫೋನ್ ಕಾದು ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಕೊಡೆಯೋ ತಟ್ಟಿಯೋ ಇಲ್ಲದೆ ಕೂತರೆ ಏನೂ ಕಾಣುವುದಿಲ್ಲ.

ಲಕ್ಕಿ ಹೆಸರಿನ ವೈರ್‌ಲೆಸ್ ಎಫ್‌ಎಫ್‌ಡಬ್ಲ್ಯೂ718 ಅಗ್ಗ. ಕೋನ 90 ಡಿಗ್ರಿ. ಮೇಲಿನ ಲೆಕ್ಕ ನೆನಪಿಸಿಕೊಂಡರೆ ಮುಂದೆ ಹೇಳುವುದು ಉಳಿಯಲಿಲ್ಲ. ಆಳ ನೋಡಲು, ನೀರಿನ ಉಷ್ಣತೆ ನೋಡಲು ಸಾಕು.

ಹರಿಗೋಲಿನಲ್ಲಿ ಡೌನ್ ಇಮೇಜಿಂಗ್ ಏಕೆ ಕೈಕೊಡುತ್ತದೆ

455 ಅಥವಾ 800 ಕಿಲೋಹರ್ಟ್ಸ್‌ನ ಡೌನ್ ಇಮೇಜಿಂಗ್ ಚಿತ್ರ ಫೋಟೊದ ಹಾಗೆ ಇರುತ್ತದೆ ಎಂದು ಹಲವರು ಅದಕ್ಕೇ ಮರುಳಾಗುತ್ತಾರೆ. ಆ ಕಿರಣದ ಆಕಾರ ದುಂಡಲ್ಲ: ಹಿಂದುಮುಂದಿಗೆ ಒಂದೆರಡು ಡಿಗ್ರಿ, ಎಡಬಲಕ್ಕೆ 30ರಿಂದ 50 ಡಿಗ್ರಿ. ದೋಣಿ ನೇರವಾಗಿ, ಒಂದೇ ವೇಗದಲ್ಲಿ ಮುಂದೆ ಸಾಗಿದರೆ ಮಾತ್ರ ಈ ತೆಳು ಸೀಳುಗಳು ಸೇರಿ ಚಿತ್ರವಾಗುತ್ತವೆ. ಹರಿಗೋಲು ಹುಟ್ಟಿನ ಪ್ರತಿ ಹೊಡೆತಕ್ಕೂ ತಿರುಗುತ್ತದೆ. ಮುಳುಗಿದ ಜಾಲಿ ಬೊಡ್ಡೆ ಪರದೆಯಲ್ಲಿ ಹಿಂಜಿದ ಅರಳೆಯಾಗುತ್ತದೆ. ಇನ್ನೊಂದು ಮಾತು: ಎಡಬಲಕ್ಕೆ 50 ಡಿಗ್ರಿ ಎಂದರೆ ಆ ಬದಿಯಲ್ಲಿ ಕುರುಡು ಪದರವೂ ಅಷ್ಟೇ ದಪ್ಪ. ತಳದ ಆಕಾರ ತಿಳಿಯಲು ಡೌನ್ ಇಮೇಜಿಂಗ್, ತಳದ ಮೀನು ಹುಡುಕಲು ದುಂಡು ಕಿರಣದ ಚರ್ಪ್, ಹೀಗೆ ಹಂಚಿಕೊಳ್ಳಬೇಕು. ದೋಣಿಯ ಪಕ್ಕದ ನೀರನ್ನು ತೋರಿಸುವ ಸೈಡ್ ಇಮೇಜಿಂಗಿಗೆ ಹೆಚ್ಚಿನ ದುಡ್ಡು ಕೊಡುವುದು ಮೋಟಾರ್ ಇರುವ ಫೈಬರ್ ದೋಣಿಯವರಿಗೆ ಮಾತ್ರ ಸರಿ.

ಕೂರಿಸುವ ವಿಧಾನವೂ ಹರಿಗೋಲಿಗೆ ಬೇರೆ. ತಳಕ್ಕೆ ತೂತು ಹಾಕುವ ಮಾತೇ ಇಲ್ಲ. ಮುಕ್ಕಾಲು ಇಂಚಿನ ಜಿಐ ಪೈಪ್ ಒಂದು, ಬಡಗಿಗಳು ಬಳಸುವ ಸಿ-ಕ್ಲ್ಯಾಂಪ್ ಎರಡು. ಪೈಪನ್ನು ಅಂಚಿಗೆ ನೇರ ಕೆಳಮುಖವಾಗಿ ಬಿಗಿದು, ತುದಿಗೆ ಟ್ರಾನ್ಸ್‌ಡ್ಯೂಸರ್ ಕೂರಿಸಿ, ಹರಿಗೋಲಿನ ಹೊಟ್ಟೆಗಿಂತ ಒಂದು ಗೇಣು ಕೆಳಗೆ ಇಳಿಸಬೇಕು. ಮೇಲಿದ್ದರೆ ಹೊಟ್ಟೆಯೇ ಕಿರಣಕ್ಕೆ ಅಡ್ಡ ಬರುತ್ತದೆ. ಮುಖ ನೆಲಕ್ಕೆ ಸಮನಾಗಿರಬೇಕು; ಜನ ಒಂದೇ ಬದಿಗೆ ಕೂತು ಹರಿಗೋಲು ವಾಲಿದರೆ ಕಿರಣವೂ ವಾಲುತ್ತದೆ, ಕುರುಡು ಪದರ ಬೆಳೆಯುತ್ತದೆ. ಅಳತೆಮಟ್ಟದ ಗುಳ್ಳೆ ಕೊಳವೆಯನ್ನು ಪೈಪಿನ ತಲೆಗೆ ಅಂಟಿಸಿಕೊಂಡರೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಟ್ರಾನ್ಸ್‌ಡ್ಯೂಸರಿನ ಮುಖಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಚಿತ್ರವೇ ಬರುವುದಿಲ್ಲ, ನೀರಿಗಿಳಿಸಿದ ಮೇಲೆ ಒಮ್ಮೆ ಬೆರಳಿನಿಂದ ಒರೆಸಬೇಕು. ಕೇಬಲನ್ನು ಪೈಪಿಗೆ ಅಲ್ಲಲ್ಲಿ ಕಟ್ಟಿ, ಆದರೆ ಬಿಗಿಯಾಗಿ ಮಡಚಬೇಡಿ: ಈ ಯಂತ್ರಗಳಲ್ಲಿ ಮೊದಲು ಸಾಯುವುದು ಕೇಬಲಿನ ಬುಡ.

ಹೊಂದಿಸುವುದು

ಮೀನಿನ ಚಿತ್ರ ತೋರಿಸುವ ಫಿಶ್ ಐಡಿಯನ್ನು ಮೊದಲು ಆಫ್ ಮಾಡಿ. ಅದು ಬೊಡ್ಡೆಗೂ ಗುಳ್ಳೆಗೂ ಮೀನಿನ ಗುರುತು ಹಾಕುತ್ತದೆ, ತಳಕ್ಕೆ ಅಂಟಿದ ನಿಜವಾದ ಮೀನನ್ನು ಬಿಟ್ಟುಬಿಡುತ್ತದೆ. ಆಮೇಲೆ ಜೂಮ್‌ನಲ್ಲಿ ಬಾಟಮ್ ಲಾಕ್ ಹಾಕಿ. ಇದು ತಳವನ್ನು ಸಪಾಟು ಗೆರೆಯಾಗಿ ಹಿಡಿದು ಅದರ ಮೇಲಿನ ಎರಡು ಮೂರು ಮೀಟರನ್ನಷ್ಟೇ ಪರದೆ ತುಂಬ ಎಳೆದು ತೋರಿಸುತ್ತದೆ. ತಳದ ಮೀನಿಗೆ ಇದಕ್ಕಿಂತ ಉಪಯುಕ್ತವಾದ ಗುಂಡಿ ಇಡೀ ಯಂತ್ರದಲ್ಲಿಲ್ಲ, ಆದರೂ ಹೆಚ್ಚಿನವರು ಅದನ್ನು ಮುಟ್ಟುವುದಿಲ್ಲ.

ಗೇನ್, ಅಂದರೆ ಪ್ರತಿಧ್ವನಿಯನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಎಂಬುದನ್ನು, ಕೈಯಿಂದ ಹೊಂದಿಸಬೇಕು. ನೀರೆಲ್ಲ ಚುಕ್ಕಿ ಚುಕ್ಕಿ ಆಗುವವರೆಗೆ ಏರಿಸಿ, ಚುಕ್ಕಿ ಮಾಯವಾಗುವಷ್ಟು ಮಾತ್ರ ಇಳಿಸಿ. ಹೆಚ್ಚಿದ್ದರೆ ತಳದ ಪಟ್ಟೆ ಉಬ್ಬಿ ಮೇಲಿನ ಮೀನನ್ನು ನುಂಗುತ್ತದೆ, ಕಡಿಮೆಯಾದರೆ ಮೆತ್ತನೆಯ ಹೂಳಿನ ಮೇಲ್ಮೈಯೇ ಕಾಣದೆ ಆಳ ತಪ್ಪು ಬರುತ್ತದೆ. ಸ್ಕ್ರೋಲ್ ವೇಗ ಗರಿಷ್ಠ. ಈ ಕ್ಷಣದ ಪ್ರತಿಧ್ವನಿಯನ್ನಷ್ಟೇ ತೋರಿಸುವ ಎ-ಸ್ಕೋಪ್ ಪಟ್ಟಿಯನ್ನು ಬಲಬದಿಗೆ ತೆರೆದಿಡಿ, ಏಕೆಂದರೆ ಈ ಕ್ಷಣ ನಿಮ್ಮ ಕೆಳಗಿರುವುದು ಪರದೆಯ ಬಲ ಅಂಚು ಮಾತ್ರ. ಎಡಕ್ಕೆ ಸರಿದದ್ದೆಲ್ಲ ಹಿಂದೆ ಬಿಟ್ಟು ಬಂದ ನೀರು. ಪರದೆಯ ನಡುವೆ ಕಂಡ ಮೀನಿಗೆ ಅಲ್ಲೇ ಗಾಳ ಇಳಿಸುವ ತಪ್ಪು ತುಂಬ ಸಾಮಾನ್ಯ. ಜಿಪಿಎಸ್ ಗುರುತು ಹಾಕಿ ಹಿಂದಕ್ಕೆ ಹೋಗಬೇಕು.

ಮಳೆಗಾಲದ ಕೆಂಪು-ಕಪ್ಪು ನೀರಿನಲ್ಲಿ 800 ಕಿಲೋಹರ್ಟ್ಸ್ ಮಸುಕಾಗುತ್ತದೆ, ತೇಲುವ ಮಣ್ಣೇ ಶಬ್ದವನ್ನು ಚದುರಿಸುತ್ತದೆ. 455ಕ್ಕೆ ಅಥವಾ 200ರ ಸುತ್ತಿನ ಚರ್ಪ್‌ಗೆ ಇಳಿದರೆ ಚಿತ್ರ ತಿಳಿಯಾಗುತ್ತದೆ. ಪಕ್ಕದಲ್ಲೇ ಇನ್ನೊಂದು ದೋಣಿಯಲ್ಲಿ ಅದೇ ಆವರ್ತನದ ಸೆಟ್ ಓಡುತ್ತಿದ್ದರೆ ಓರೆ ಚುಕ್ಕಿಗಳ ಸಾಲು ಕಾಣುತ್ತದೆ. ಒಬ್ಬರು ಆವರ್ತನ ಬದಲಿಸಿದರೆ ಸಾಕು.

ಇಲ್ಲಿಯ ತಳವನ್ನು ಓದುವುದು

ಕಾರಂಜಾ, ಬೆಣ್ಣೆತೊರಾ ಕಡೆ ಕರಿಕಲ್ಲಿನ ನೆಲದ ಮೇಲೆ ಎರಿ ಮಣ್ಣಿನ ಹೂಳು. ಹೂಳು ಶಬ್ದವನ್ನು ಹೀರಿಕೊಳ್ಳುವುದರಿಂದ ತಳದ ಪಟ್ಟೆ ದಪ್ಪಗೆ, ಮಂದ ಬಣ್ಣದಲ್ಲಿ ಬರುತ್ತದೆ. ಕಲ್ಲು ಅಥವಾ ಗರಸಿನ ಮೇಲೆ ಬಂದಾಗ ಪಟ್ಟೆ ತೆಳ್ಳಗೆ, ಪ್ರಖರವಾಗುತ್ತದೆ, ಎರಡರಷ್ಟು ಆಳದಲ್ಲಿ ಇನ್ನೊಂದು ತಳದ ನೆರಳೂ ಕಾಣುತ್ತದೆ. ಆ ಎರಡನೆಯ ತಳ ನೋಡಲು ರೇಂಜನ್ನು (ಪರದೆ ಎಷ್ಟು ಆಳದವರೆಗೆ ತೋರಿಸಬೇಕು ಎಂಬುದನ್ನು) ಆಳದ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಇಡಬೇಕು. ಮೆತ್ತನೆ ತಳ ಗಟ್ಟಿ ತಳಕ್ಕೆ ಕೂಡುವ ಗೆರೆಯೇ ಗೆಂಡೆ ಮತ್ತು ಮೃಗಾಲ್ ಮೇಯುವ ಜಾಗ, ಅದನ್ನು ಗುರುತು ಹಾಕಿಟ್ಟುಕೊಳ್ಳಿ.

ಕಾಗಿಣಾ ಬಯಲಿನಲ್ಲಿ ಮತ್ತು ನೀರು ತುಂಬಿದ ಹಳೆಯ ಫರ್ಸಿ ಗಣಿಗಳಲ್ಲಿ ಸುಣ್ಣದ ಕಲ್ಲಿನ ಮೆಟ್ಟಿಲು ಮೆಟ್ಟಿಲಾದ ತಳ ಇರುತ್ತದೆ. ಗಣಿಯ ನೇರ ಗೋಡೆ ಅಗಲ ಕಿರಣಕ್ಕೆ ಪಕ್ಕದಿಂದ ಪ್ರತಿಧ್ವನಿ ಕೊಟ್ಟು, ನಡುನೀರಿನಲ್ಲಿ ಇಲ್ಲದ ದಿಬ್ಬ ತೋರಿಸುತ್ತದೆ. ಗೋಡೆಯಿಂದ ದೂರ ಸರಿದಂತೆ ಆ ದಿಬ್ಬವೂ ಆಳಕ್ಕೆ ಸರಿದರೆ ಅದು ಗೋಡೆಯದೇ. ಯಾದಗಿರಿ ಜಿಲ್ಲೆಯ ಕೃಷ್ಣೆಯ ಪಾತ್ರದಲ್ಲಿ ಗ್ರಾನೈಟ್ ಗುಂಡುಗಳು. ಒಂದೊಂದು ಗುಂಡಿನ ಹಿಂದೆಯೂ ಕುರುಡು ಜಾಗ. ನಾರಾಯಣಪುರದ ಮೇಲೆ-ಕೆಳಗೆ ಕಿರಿದಾದ ಕಿರಣವಿಲ್ಲದೆ ಕೆಲಸವಾಗದು.

ಕಲ್ಲೋ ಮೀನೋ ಎಂಬ ಅನುಮಾನ ಬಂದರೆ ಗುರುತು ಹಾಕಿ ಅದೇ ಜಾಗವನ್ನು ಅಡ್ಡ ದಿಕ್ಕಿನಿಂದ ಮತ್ತೆ ದಾಟಿ. ಕಲ್ಲು ಅಲ್ಲೇ ಇರುತ್ತದೆ, ಅದರ ಬುಡ ತಳದ ಪಟ್ಟೆಗೆ ಕೂಡಿರುತ್ತದೆ. ಮೀನಾದರೆ ಜಾಗ ಬದಲಿಸಿರುತ್ತದೆ ಅಥವಾ ಬುಡದಲ್ಲಿ ಕೂದಲೆಳೆಯ ಬಿರುಕು ಕಾಣುತ್ತದೆ. ಮೀನಿನ ಗೆರೆ ಉದ್ದವಿದ್ದರೆ ಮೀನು ದೊಡ್ಡದು ಎಂದಲ್ಲ, ಕಿರಣದೊಳಗೆ ಹೆಚ್ಚು ಹೊತ್ತು ಇತ್ತು ಎಂದಷ್ಟೇ. ಗಾತ್ರ ಅಂದಾಜಿಸಲು ಗೆರೆಯ ದಪ್ಪ ಮತ್ತು ಬಣ್ಣದ ಗಾಢತೆ ನೋಡಬೇಕು.

ಬೇಸಿಗೆಯಲ್ಲಿ ಹೂಳಿನಿಂದ ಏಳುವ ಅನಿಲದ ಗುಳ್ಳೆ ಇನ್ನೊಂದು ಮೋಸ. ದೋಣಿ ನಿಂತಿದ್ದಾಗ ಗುಳ್ಳೆಯ ಗೆರೆ ಬಲಕ್ಕೆ ಸರಿಯುತ್ತ ಒಂದೇ ಸಮನೆ ಮೇಲೇರುತ್ತದೆ, ಸೆಕೆಂಡಿಗೆ ಸುಮಾರು 20-25 ಸೆಂಟಿಮೀಟರ್. ಮೀನು ಹಾಗೆ ಅಳತೆ ಹಿಡಿದು ಮೇಲೇರುವುದಿಲ್ಲ. ಬಿಸಿಲುಗಾಲದಲ್ಲಿ ಆಳ ನೀರಿನ ನಡುವೆ ಅಡ್ಡಲಾಗಿ ಮಸುಕು ಪಟ್ಟೆಯೊಂದು ಬಿಡದೆ ಕಂಡರೆ ಅದು ಬಿಸಿನೀರು-ತಣ್ಣೀರಿನ ಗಡಿ. ಅದರ ಕೆಳಗೆ ಆಮ್ಲಜನಕ ಕಡಿಮೆ ಇದ್ದರೆ ತಳದ ಮೀನು ಕೂಡ ಪಟ್ಟೆಯ ಮೇಲೆ, ದಂಡೆಯ ಇಳಿಜಾರಿಗೆ ಬಂದಿರುತ್ತದೆ. ಆಳದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಕೊಂಡ ವಾರದಲ್ಲೇ ಮಾಡಬೇಕಾದ ಪರೀಕ್ಷೆ

ಸಿಹಿನೀರಿನ ಮೀನಿನ ಗಾಳಿಚೀಲ ಅದರ ದೇಹದ ಗಾತ್ರದ ಶೇಕಡಾ 7ರ ಆಸುಪಾಸು. ಪ್ರತಿಧ್ವನಿಯ ಬಹುಪಾಲು ಬರುವುದು ಆ ಗಾಳಿಯಿಂದಲೇ. ಆದ್ದರಿಂದ 60-70 ಮಿಲಿಲೀಟರಿನ ಖಾಲಿ ಔಷಧಿ ಬಾಟಲಿಯನ್ನು ಗಟ್ಟಿಯಾಗಿ ಮುಚ್ಚಿದರೆ ಒಂದು ಕಿಲೋ ಗೆಂಡೆಗೆ ಹತ್ತಿರದ ಗುರಿ ಸಿಕ್ಕಂತೆ. ಎರಡು ಕಿಲೋ ಕಲ್ಲಿಗೆ ನೈಲಾನ್ ದಾರ ಕಟ್ಟಿ, ಕಲ್ಲಿನಿಂದ 10, 20, 40 ಸೆಂಟಿಮೀಟರ್ ಎತ್ತರದಲ್ಲಿ ಒಂದೊಂದು ಬಾಟಲಿ ಬಿಗಿದು 6ರಿಂದ 10 ಮೀಟರ್ ಆಳದಲ್ಲಿ ಇಳಿಸಿ, ದಾರದ ಮೇಲ್ತುದಿಗೆ ತೇಲು ಕಟ್ಟಿ. ತೇಲಿನ ಪಕ್ಕ ನಿಧಾನ ದಾಟಿದಾಗ ಎಷ್ಟು ಬಾಟಲಿ ಬೇರೆ ಬೇರೆಯಾಗಿ ಕಂಡವು ನೋಡಿ. 20ರದು ತಳದಿಂದ ಬಿಡಿಸಿ ಕಂಡರೆ ಸೆಟ್ ಚೆನ್ನಾಗಿದೆ, 10ರದೂ ಕಂಡರೆ ತುಂಬ ಚೆನ್ನಾಗಿದೆ. 40ರದೂ ಕಾಣದಿದ್ದರೆ ಗೇನ್ ಇಳಿಸಿ, ಬಾಟಮ್ ಲಾಕ್ ಹಾಕಿ, ಪೈಪ್ ನೇರ ಮಾಡಿ ಮತ್ತೊಮ್ಮೆ ನೋಡಿ. ಆಗಲೂ ಬರದಿದ್ದರೆ ವಾಪಸ್ ಕೊಡುವ ಗಡುವು ಮುಗಿಯುವ ಮೊದಲು ಕೊಟ್ಟುಬಿಡಿ. ಈ ಪರೀಕ್ಷೆಯನ್ನು ಹೊಲದ ಬಾವಿಯಲ್ಲಿ ಮಾಡಬೇಡಿ: 45 ಡಿಗ್ರಿ ಕಿರಣಕ್ಕೆ 10 ಮೀಟರ್ ಆಳದಲ್ಲಿ 8 ಮೀಟರಿಗಿಂತ ಅಗಲ ಬೇಕು, ಬಾವಿಯ ಗೋಡೆಯೇ ಮೀನಾಗಿ ಕಾಣುತ್ತದೆ.

ವಿದ್ಯುತ್ತಿಗೆ 12 ವೋಲ್ಟ್, 7 ಆಂಪಿಯರ್-ಅವರ್‌ನ ಯುಪಿಎಸ್ ಬ್ಯಾಟರಿ ಸಾಕು, ಊರಿನ ಯಾವ ಇನ್ವರ್ಟರ್ ಅಂಗಡಿಯಲ್ಲೂ ಸಿಗುತ್ತದೆ. ಐದು ಇಂಚಿನ ಸೆಟ್ ಅರ್ಧ ಆಂಪಿಯರ್ ಎಳೆದರೆ, ಬ್ಯಾಟರಿಯ ಅರ್ಧವನ್ನಷ್ಟೇ ಬಳಸಬೇಕೆಂಬ ಲೆಕ್ಕದಲ್ಲಿ, ಏಳು ತಾಸು ಬರುತ್ತದೆ. ಕೈಪಿಡಿ ಹೇಳಿದ ಫ್ಯೂಸನ್ನು ಧನ ತಂತಿಗೆ ಹಾಕಿ. ತೆಳು ತಂತಿ ಉದ್ದಕ್ಕೆ ಎಳೆದರೆ ಸೆಟ್ ಆರಿ ಆರಿ ಹತ್ತುತ್ತದೆ, ಅದನ್ನು ಯಂತ್ರದ ದೋಷ ಎಂದು ದೂರುವವರು ಇದ್ದಾರೆ.

ಕೊಳ್ಳುವಾಗ ಡಬ್ಬಿಯಲ್ಲಿ ಯಾವ ಟ್ರಾನ್ಸ್‌ಡ್ಯೂಸರ್ ಇದೆ ಎಂದು ಹೆಸರು ಸಮೇತ ಕೇಳಿ, ಕನೆಕ್ಟರಿನ ಪಿನ್ ಎಣಿಸಿ, ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಹೊರದೇಶದಿಂದ ತರಿಸಿದ ಕೆಲವು ಅಗ್ಗದ ಸೆಟ್‌ಗಳಲ್ಲಿ ಟ್ರಾನ್ಸ್‌ಡ್ಯೂಸರೇ ಇರುವುದಿಲ್ಲ, ಅಥವಾ ಪಿನ್ ಹೊಂದುವುದಿಲ್ಲ. ಜಲಾಶಯದಲ್ಲಿ ಇಳಿಯುವ ಮೊದಲು ಮೀನುಗಾರಿಕೆ ಇಲಾಖೆಯ ಪರವಾನಗಿ ಅಥವಾ ಅಲ್ಲಿ ಗುತ್ತಿಗೆ ಹಿಡಿದ ಸಂಘದ ಒಪ್ಪಿಗೆ ಬೇಕು, ಯಂತ್ರ ಇದ್ದರೂ ಇಲ್ಲದಿದ್ದರೂ. ಹಾವುಮೀನು ಮತ್ತು ಕೆಸರೊಳಗೆ ಹುದುಗಿದ ಚೇಳುಮೀನಿಗಾಗಿ ಈ ಖರ್ಚು ಮಾಡಬೇಡಿ, ಹೂಳಿನ ಒಳಗಿರುವುದನ್ನು ಮೇಲಿನ ಯಾವ ಸೆಟ್ಟೂ ತೋರಿಸುವುದಿಲ್ಲ.